ಬೈಪಾಸಿಗೆ ಮೆತ್ತಿದ ಸಗಣಿ

"ಗಿಡವೇ ಆಗ್ಲಿ, ಮನ್ಸನೇ ಆಗ್ಲಿ, ನಾನ್ ಕಟ್ಟಿದ ಗಾಯ ಕೀವಾಗಿದ್ದು ಈ ಭೂಮಿ ಮ್ಯಾಲೇ ಇಲ್ಲ ಕಣ್ಲಾ!"

ಕೆಂಪಾಪುರದ ಬ್ಯಾಟರಾಯಪ್ಪ ಹೀಗೆಂದರೆ ಹೆಬ್ಬಾಳ ಕೆರೆಯ ಕೊಕ್ಕರೆಗಳೂ ತಲೆದೂಗುತ್ತಿದ್ದವು. ಮಾವು, ಸಪೋಟಕ್ಕೆ ಕಸಿ ಕಟ್ಟುವುದು ಅವನ ಕಸುಬು. ಕಡ್ಡಿಗೆ ಕಡ್ಡಿ ಕೂಡಿಸಿ, ಬಾಳೆನಾರಿನಲ್ಲಿ ಬಿಗಿದು, ಸಗಣಿ ಕೆಮ್ಮಣ್ಣಿನ ಮುದ್ದೆ ಮೆತ್ತಿದನೆಂದರೆ ಮುಗಿಯಿತು. ಒಮ್ಮೆ ಮರೆತು ಕೊಡೆಯ ಕಾವಿಗೆ ಮೆತ್ತಿಬಿಟ್ಟನಂತೆ, ಮಳೆಗಾಲ ಮುಗಿಯುವಷ್ಟರಲ್ಲಿ ಕೊಡೆ ಚಿಗುರಿತ್ತಂತೆ. ಆ ಕೊಡೆಯನ್ನು ಕಂಡವರು ಯಾರೂ ಇಲ್ಲ. ಅದರ ಹಣ್ಣು ತಿಂದವರು ಮಾತ್ರ ಊರಲ್ಲಿ ಈಗಲೂ ಸಿಗುತ್ತಾರೆ.

ಎಂಬತ್ತೇಳನೇ ಇಸವಿಯ ಬೇಸಿಗೆಯಲ್ಲಿ ಅವನಿಗೆ ಎದೆನೋವು ಬಂತು. ಹೃದಯದ ರಕ್ತನಾಳ ಕಟ್ಟಿಕೊಂಡಿದೆ, ಬೈಪಾಸ್ ಆಗಬೇಕು ಎಂದರು ಪಟ್ಟಣದ ದೊಡ್ಡಾಸ್ಪತ್ರೆಯಲ್ಲಿ. ತೋಟದವನಿಗೆ ಅರ್ಥವಾಗಲಿ ಎಂದು ಡಾಕ್ಟರ್ ಸುಬ್ರಹ್ಮಣ್ಯ, "ಕಾಲಿಂದ ಒಂದು ನರ ತೆಗೆದು ಎದೇಲಿ ಕಸಿ ಮಾಡ್ತೀವಿ, ಅಷ್ಟೇ" ಎಂದರು. ಅಷ್ಟೇ ಅಲ್ಲ ಎಂಬುದು ಅವರಿಗೆ ಆಮೇಲೆ ತಿಳಿಯಿತು.

ಆಪರೇಷನ್ ಮುಗಿಸಿಕೊಂಡು ಮನೆಗೆ ಬಂದ ಬ್ಯಾಟರಾಯಪ್ಪ ಕಾಲಿನ ಹೊಲಿಗೆಯನ್ನು ಕಣ್ಣು ಕಿರಿದು ಮಾಡಿ ನೋಡಿದ. ಕುಯ್ದ ಜಾಗ, ಮುದ್ದೆಯೇ ಇಲ್ಲ! "ಓದಿದೋರು ಅರ್ಧ ಕೆಲ್ಸಕ್ಕೇ ಎದ್ದೋಗವ್ರೆ" ಎಂದು ಸಗಣಿ ಕಲಸಲು ಕೂತ.

ಹೆಂಡತಿ ಗೋಪಾಲಮ್ಮ, "ಆಸ್ಪತ್ರೆಯೋರು ನೀರೂ ತಾಗಿಸಬ್ಯಾಡ ಅಂದವ್ರೆ" ಎಂದಳು.

"ನೀರು ತಾನೇ ಬ್ಯಾಡ ಅಂದಿದ್ದು?"

ವಾರಕ್ಕೊಮ್ಮೆ ಆರ್.ಟಿ. ನಗರದ ಲ್ಯಾಬಿನಲ್ಲಿ ರಕ್ತಪರೀಕ್ಷೆ. ರಕ್ತವನ್ನು ಸಣ್ಣ ಗಾಜಿನ ಕೊಳವೆಯಲ್ಲಿ ನೆಟ್ಟಗೆ ನಿಲ್ಲಿಸಿ, ಒಂದು ಗಂಟೆಯಲ್ಲಿ ಕೆಂಪು ಎಷ್ಟು ಕೆಳಗಿಳಿಯಿತೆಂದು ಅಳೆಯುತ್ತಿದ್ದರು. ಇ.ಎಸ್.ಆರ್. ಎಂದು ಅದಕ್ಕೆ ಹೆಸರು. ಮೈಯೊಳಗೆ ಎಲ್ಲಾದರೂ ಉರಿಯೂತವಿದ್ದರೆ ಅಂಕಿ ಏರುತ್ತದೆ. ಆಪರೇಷನ್ ಆದವರಿಗೆ ಮೊದಲು ಏರಿ, ಮೆಲ್ಲಗೆ ಇಳಿಯಬೇಕು. ಬ್ಯಾಟರಾಯಪ್ಪನದು ಯಲಹಂಕದ ವಿಮಾನದಂತೆ ಮೇಲಕ್ಕೇ ಹೋಯಿತು. ಅವನಿಗೋ ಹಿಗ್ಗು. "ನಂದು ತೊಂಬತ್ತು! ಪಕ್ಕದಲ್ಲಿ ಕೂತಿದ್ದ ಗುಮಾಸ್ತಂದು ಬರೀ ಹದಿನೈದು. ಪಾಪ, ಫೇಲು" ಎಂದು ಬಸ್ ಸ್ಟಾಪಿನಲ್ಲೆಲ್ಲ ಸಾರಿದ. ಸಂಜೆಯಾದರೆ ಬರುತ್ತಿದ್ದ ಜ್ವರದ ವಿಷಯ ಮಾತ್ರ ಸಾರಲಿಲ್ಲ.

ಡಾಕ್ಟರು ಆ ತೊಂಬತ್ತನ್ನು ನೋಡಿ ಹಿಗ್ಗಲಿಲ್ಲ. ಅಂಗಿ ಬಿಚ್ಚಿಸಿ ಎದೆ ಪರೀಕ್ಷಿಸಿದರು.

"ಕಾಲು ಹೇಗಿದೆ?"

"ಕಾಲ್ಗೇನು ಸ್ವಾಮಿ, ಅದನ್ನ ನಾನೇ ನೋಡ್ಕೊಂಡಿವ್ನಿ."

"ಹಾಗಾದ್ರೆ ಸೋಂಕು ಎದೆ ಒಳಗೇ ಇರಬೇಕು. ಮತ್ತೆ ಬಿಚ್ಚಿ ನೋಡ್ಬೇಕಾಗುತ್ತೆ ಕಣ್ರೀ. ಈ ಸಲ ಅಪಾಯ ಜಾಸ್ತಿ."

ಬ್ಯಾಟರಾಯಪ್ಪನ ಪಂಚೆಯ ಅಡಿಯಲ್ಲಿ ಕಾಲು ಕುಲುಮೆಯಂತೆ ಕಾದಿತ್ತು, ಮುದ್ದೆಯ ಕೆಳಗೆ ಕೀವು ಒಸರುತ್ತಿತ್ತು. ಅದು ತನಗೊಬ್ಬನಿಗೇ ಗೊತ್ತೆಂದು ಅವನು ತಿಳಿದಿದ್ದ. ಹೇಳಿದರೆ ಊರಲ್ಲಿದ್ದ ಹೆಸರು ಹೋಗುತ್ತದೆ. ಹೇಳದಿದ್ದರೆ ಜೀವ ಹೋಗಬಹುದು. ಎರಡರಲ್ಲಿ ಯಾವುದು ದೊಡ್ಡದು ಎಂದು ಅವನಿನ್ನೂ ತೂಗುತ್ತಲೇ ಇದ್ದ. ಪಕ್ಕದಲ್ಲೇ ನಿಂತಿದ್ದ ಗೋಪಾಲಮ್ಮನ ತಾಳ್ಮೆ ಮುಗಿಯಿತು.

"ಎದೆ ಬಿಚ್ಚಬ್ಯಾಡಿ ಸ್ವಾಮಿ, ಪಂಚೆ ಎತ್ತಿಸಿ. ಈವಯ್ಯನ ಪಂಚೆ ಒಗೆಯೋಳು ನಾನು, ಕಲೆ ನೋಡಿವ್ನಿ."

ಅವಳು ಕೈ ಹಾಕುವ ಮೊದಲೇ ಬ್ಯಾಟರಾಯಪ್ಪ ತಾನೇ ಪಂಚೆ ಎತ್ತಿದ. ನರ್ಸಮ್ಮ ಮೂಗು ಮುಚ್ಚಿಕೊಂಡು ಬಾಗಿಲಿಗೆ ಓಡಿದಳು. ಮುದ್ದೆಯ ಮೂಲೆಯಲ್ಲಿ ರಾಗಿ ಮೊಳಕೆಯೊಡೆದಿತ್ತೆಂದೂ, ಇನ್ನೆರಡು ವಾರ ಬಿಟ್ಟಿದ್ದರೆ ತೆನೆ ಬರುತ್ತಿತ್ತೆಂದೂ ಆಮೇಲೆ ಅವಳು ಹೇಳುತ್ತಿದ್ದಳಂತೆ.

ಗಾಯ ತೊಳೆದು, ಕೊಳೆತದ್ದನ್ನು ಕತ್ತರಿಸಿ, ಸೂಜಿ ಚುಚ್ಚಿದ್ದೇ ಚುಚ್ಚಿದ್ದು. ಅಂಕಿ ಇಳಿಯತೊಡಗಿತು, ಜ್ವರ ಬಿಟ್ಟಿತು. ಎದೆ ಬಿಚ್ಚುವ ಮಾತು ಅಲ್ಲಿಗೇ ನಿಂತಿತು. ಮನೆಗೆ ಕಳಿಸುವ ದಿನ, ತಡೆದಿಟ್ಟುಕೊಂಡಿದ್ದ ಸಿಟ್ಟನ್ನೆಲ್ಲ ಡಾಕ್ಟರು ಹೊರಹಾಕಿದರು.

"ಸಗಣಿ ಮೆತ್ಕೊಳ್ಳೋಕೆ ನೀವೇನು ಮಾವಿನ ಗಿಡಾನೇನ್ರೀ?"

ಬ್ಯಾಟರಾಯಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ.

"ಬಂದಾಗ ಮನ್ಸನೇ ಆಗಿದ್ದೆ ಸ್ವಾಮಿ. ಕಡ್ಡಿ ಕುಯ್ದು, ಕಸಿ ಕಟ್ಟಿ, ಗಿಡ ಮಾಡಿದೋರು ನೀವು."