ಕಿಗ್ಗದಲ್ಲಿ ನೋಡದ ಕೊಳ

ಈ ಹೋಂಸ್ಟೇ ಆರಿಸಿದ್ದು ಸೈಬರ್ ಸೆಂಟರಿನಲ್ಲಿ ಪ್ರಿಂಟ್ ತೆಗೆಸಿದ ಒಂದೇ ಒಂದು ಫೋಟೋ ನೋಡಿ: ಮನೆಯ ಮುಂದೆ ಕಲ್ಲು ಕಟ್ಟಿದ ಕೊಳ, ಅದರ ತುಂಬ ನೈದಿಲೆ. ಜಲಪಾತದ ಹತ್ತಿರದ ಲಾಡ್ಜ್ ಕೂಡ ಬೇಡವೆಂದು ಹೆಂಡತಿ ಇದನ್ನೇ ಹಿಡಿದು ಕೂತಿದ್ದಳು. ಇಳಿದು ನೋಡಿದರೆ ಕೊಳವೇ ಇಲ್ಲ! ಮಣ್ಣು ತುಂಬಿ ಸಮ ಮಾಡಿದ ಆ ಜಾಗದಲ್ಲಿ ನಮ್ಮದೇ ಕಾರು ನಿಂತಿತ್ತು.

“ಕೊಳ ಎಲ್ಲಿ?” ಎಂದೆ.

“ಮುಚ್ಚಿಸಿದೆ ಮಾರಾಯ್ರೇ,” ಎಂದರು ಮನೆಯ ಯಜಮಾನರು, ಬೆಲ್ಲ ನೀರು ಕೊಡುತ್ತ. “ಹೋದ ಮಳೆಗಾಲ ಬಂದವರು ಕಪ್ಪೆ ಗಲಾಟೆಗೆ ನಿದ್ದೆ ಬರ್ಲಿಲ್ಲ ಅಂತ ಅಭಿಪ್ರಾಯದ ಪುಸ್ತಕದಲ್ಲಿ ಬರೆದು ಹೋದ್ರು. ಮನೆಗೆ ಬಂದವರು ನಿದ್ದೆಗೆಟ್ಟು ಹೋದ್ರೆ ಎಂತ ಚಂದ?”

ಅವರ ಅಜ್ಜ ಕಟ್ಟಿಸಿದ ಕೊಳವಂತೆ. ಅವರು ಅದೇ ಪುಸ್ತಕವನ್ನು ತಂದು ನನ್ನ ಮುಂದಿಟ್ಟರು. “ನಿಮಗೆ ಎಂತ ತೊಂದ್ರೆ ಆದ್ರೂ ಸಂಕೋಚ ಬೇಡ, ಬರೀರಿ.”

ಅಂಗಳದ ಹಲಸಿನ ಮರದಲ್ಲಿ ಜೀರುಂಡೆಗಳು ಒಂದೇ ಸಮನೆ ಕಿರುಚುತ್ತಿದ್ದವು. “ಏನಂದ್ರು? ಈ ಗಲಾಟೇಲಿ ಒಂದೂ ಕೇಳ್ತಿಲ್ಲ!” ಎಂದು ಹೆಂಡತಿ ಕೂಗಿದಳು.

ಯಜಮಾನರು ಕತ್ತೆತ್ತಿ ಮರವನ್ನು ನೋಡಿದರು.