ಗುಡ್ಡದ ಮೇಲಿನ ಕೆಂಪು ಬಾವುಟ

ಗಾಲ್ಫ್ ಮೈದಾನದಲ್ಲಿ ನಮ್ಮ ಅತ್ತೆಯನ್ನು ಎಲ್ಲರೂ ಬಾವುಟದಮ್ಮ ಅಂತಲೇ ಕರೆಯುತ್ತಿದ್ದರು. ಮನೆಯಲ್ಲಿ ನನಗೂ ಅವರಿಗೂ ಎಣ್ಣೆ ಸೀಗೆಕಾಯಿ. ನಾನು ತೊಳೆದ ಪಾತ್ರೆಯನ್ನು ಅವರು ಮತ್ತೆ ತೊಳೆಯುತ್ತಾರೆ, ನಾನು ಹಾಕಿದ ಚಿಲಕವನ್ನು ಮತ್ತೆ ಎಳೆದು ನೋಡುತ್ತಾರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಸೊಸೆ ಅತ್ತೆಯನ್ನು ಹೊಗಳಲು ಕೂತಿದ್ದಾಳೆ ಎಂದು ಯಾರೂ ತಿಳಿಯಬಾರದು. ನಾನು ಬರೆಯಲು ಕೂತಿರುವುದು ಸಿಟ್ಟಿನಿಂದ.

ಮೈದಾನದ ಒಂದು ಮೂಲೆಯಲ್ಲಿ ಆಟಕ್ಕೆ ಅಡ್ಡಲಾಗಿ ಗುಡ್ಡವಿದೆ. ಆಡುವವರು ಈಚೆ ನಿಂತು ಗುಡ್ಡದ ಮೇಲಿಂದ ಚೆಂಡು ಹಾರಿಸಬೇಕು. ಆಚೆ ತಗ್ಗಿನಲ್ಲಿ ಯಾರಿದ್ದಾರೆ ಎಂಬುದು ಅವರಿಗೆ ಕಾಣುವುದಿಲ್ಲ. ಅದಕ್ಕೇ ಗುಡ್ಡದ ನೆತ್ತಿಯಲ್ಲಿ ಅತ್ತೆ ನಿಲ್ಲುತ್ತಿದ್ದರು. ಆಚೆ ಜನ ಇದ್ದರೆ ಕೆಂಪು ಬಾವುಟ ಎತ್ತಿ ಹಿಡಿಯುವುದು, ಖಾಲಿಯಾದ ಮೇಲೆ ಇಳಿಸುವುದು. ಬಿಸಿಲಿರಲಿ ಗಾಳಿಯಿರಲಿ, ವರ್ಷಗಟ್ಟಲೆ ಅದೇ ಕೆಲಸ. ಹಳೆಯ ಹೊದಿಕೆ ಕತ್ತರಿಸಿ ಆ ಬಾವುಟವನ್ನು ಅವರೇ ಹೊಲಿದಿದ್ದರು. ಸುಕ್ಕಾದರೆ ಇಸ್ತ್ರಿ ಮಾಡುತ್ತಿದ್ದರು. ನನ್ನ ಗಂಡನ ಅಂಗಿಗೂ ಆ ಭಾಗ್ಯ ಇರಲಿಲ್ಲ.

ಎಲ್ಲ ಸುಸೂತ್ರವಾಗಿ ನಡೆಯುತ್ತಿರುವಾಗ ಕ್ಲಬ್ಬಿನವರಿಗೆ ಹೊಸತನದ ಹುಚ್ಚು ಹಿಡಿಯಿತು. ವಿನ್ಯಾಸಗಾರರೊಬ್ಬರನ್ನು ಕರೆಸಿದರು. ಅವರು ಕತ್ತು ವಾರೆ ಮಾಡಿ ಮೈದಾನವನ್ನೆಲ್ಲ ನೋಡಿದರು. ಗುಡ್ಡದಾಚೆಯ ತಗ್ಗಿನಲ್ಲಿ ಗ್ರೀನ್ ಇದೆ, ಅಂದರೆ ಚೆಂಡನ್ನು ಕುಳಿಗೆ ಉರುಳಿಸುವ ನುಣುಪು ಹುಲ್ಲಿನ ಜಾಗ. ಅದರ ನಟ್ಟನಡುವೆ ಆಳವಾದ ಮರಳಿನ ಹಳ್ಳ ತೋಡಿಸಿದರು. ಹಾಸಿಗೆಯ ನಡುವೆ ಬಾವಿ ತೋಡಿದ ಹಾಗೆ! ಬೇರೆಲ್ಲೂ ಇಲ್ಲದ್ದು ನಮ್ಮಲ್ಲಿದೆ ಎಂದು ಕ್ಲಬ್ಬಿನವರು ಅದರ ಫೋಟೋ ತೆಗೆಸಿ ಗೋಡೆಗೆ ತಗುಲಿಹಾಕಿದರು. ವಿನ್ಯಾಸಗಾರರು ಎಲ್ಲರ ಕೈಕುಲುಕಿ ಹೊರಟುಹೋದರು.

ಹಳ್ಳಕ್ಕೆ ಬಿದ್ದ ಚೆಂಡು ಅಷ್ಟು ಸುಲಭವಾಗಿ ಮೇಲೆ ಬರುವುದಿಲ್ಲ. ದೊಡ್ಡ ದೊಡ್ಡ ಮನುಷ್ಯರು ಒಳಗಿಳಿದು ಮರಳು ಚಿಮ್ಮಿಸುತ್ತಾ ಬೆವರು ಸುರಿಸುತ್ತಾರೆ. ಹೇಗೋ ಚೆಂಡು ಹಾರಿಸಿದ ಮೇಲೆ, ತುಳಿದ ಮರಳನ್ನು ಹಾಗೇ ಬಿಟ್ಟು, ಏನೂ ಆಗದವರಂತೆ ನಡೆದುಬಿಡುತ್ತಾರೆ. ಅವರವರ ಹೆಜ್ಜೆ ಅವರವರೇ ಅಳಿಸಬೇಕು ಅನ್ನುವುದು ಆ ಆಟದ್ದೇ ಮರ್ಯಾದೆ. ತುದಿಗೆ ಹಲ್ಲಿರುವ ಕೋಲನ್ನು ಪಕ್ಕದಲ್ಲೇ ಇಟ್ಟಿರುತ್ತೇವೆ. ಮುಟ್ಟಿದರೆ ಕೈ ಸವೆದುಹೋಗುತ್ತದೆಯೇ? ತಂಡ ಹೋದಮೇಲೆ ಹಳ್ಳಕ್ಕಿಳಿದು ಮರಳು ಸಮ ಮಾಡುವವಳು, ಅದೇ ಮೈದಾನದಲ್ಲಿ ಕೂಲಿಗಿರುವ ನಾನು. ನಾನು ಮೇಲೆ ಬರುವವರೆಗೆ ಅತ್ತೆ ಬಾವುಟ ಇಳಿಸುತ್ತಿರಲಿಲ್ಲ.

ಆಟ ಆಮೆ ನಡಿಗೆಗೆ ಬಂತು. ಗುಡ್ಡದ ಈಚೆ ತಂಡದ ಹಿಂದೆ ತಂಡ ಜಮಾಯಿಸಿ ಗೊಣಗಾಟ ಶುರುವಾಯಿತು. ಹಳ್ಳ ತೋಡಿಸಿದವರನ್ನು ಯಾರಾದರೂ ಕೇಳಿದರೇ? ಇಲ್ಲ. ಮ್ಯಾನೇಜರು ಏದುಸಿರು ಬಿಡುತ್ತಾ ಗುಡ್ಡ ಹತ್ತಿ ಅತ್ತೆಯ ಮೇಲೆ ಹರಿಹಾಯ್ದರು.

“ಆಡೋರು ಹೋದ್ರಲ್ಲಮ್ಮ, ಇನ್ನೂ ಯಾಕೆ ಬಾವುಟ ಹಿಡ್ಕೊಂಡು ನಿಂತಿದ್ದೀರಿ?”

“ಕೆಳಗೆ ಇನ್ನೂ ಜನ ಇದ್ದಾರಲ್ಲ ಸಾರ್.”

“ಎಲ್ಲಿ ಜನ? ನಿಮ್ಮ ಸೊಸೆ ತಾನೆ ಇರೋದು!”

ಹಳ್ಳದಲ್ಲಿದ್ದ ನನ್ನ ಕಿವಿಗೇ ಈ ಮಾತು ಬಿತ್ತು. ಈಗ ನೆನೆದರೂ ಮೈ ಉರಿಯುತ್ತದೆ.

“ನನ್ನ ಸೊಸೆ ಮೇಲೆ ನನಗೂ ನೂರೆಂಟು ದೂರು ಇದೆ,” ಅಂದರು ಅತ್ತೆ. “ಆದ್ರೆ ಅವಳು ಜನ ಅಲ್ಲ ಅಂತ ನಾನು ಯಾವತ್ತೂ ಅಂದಿಲ್ಲ.”

ಬಾವುಟ ಇಳಿಯಲಿಲ್ಲ. ಸ್ವಲ್ಪ ದಿನದಲ್ಲೇ ಅತ್ತೆಯನ್ನು ಕೆಲಸದಿಂದ ತೆಗೆದರು. ಬಾವುಟದ ಕೋಲನ್ನು ಕ್ಲಬ್ಬಿಗೆ ಒಪ್ಪಿಸಿ, ಬಟ್ಟೆ ನನ್ನದು ಎಂದು ಅದನ್ನು ಮಡಚಿ ಅವರು ಮನೆಗೆ ತಂದರು. ಅವರ ಬದಲಿಗೆ ದೀಪ ಬಂತು. ಆಡಿ ಮುಗಿಸಿದವರು ಗ್ರೀನ್ ಪಕ್ಕದ ಸ್ವಿಚ್ಚು ಒತ್ತಿ ಹೋದರೆ ಗುಡ್ಡದ ಈಚೆ ಹಸಿರು ದೀಪ ಹತ್ತುತ್ತದೆ, ಹಿಂದಿನವರು ಹೊಡೆಯಬಹುದು. ಆಮೇಲೆ ಹಳ್ಳಕ್ಕೆ ಇಳಿಯುವವಳೊಬ್ಬಳು ಇದ್ದಾಳೆ ಎಂಬುದು ಒಬ್ಬರ ತಲೆಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಬೇಕಾಗಿರಲಿಲ್ಲ.

ದೀಪ ಹಾಕಿದ ಮೊದಲ ದಿನವೇ, ನಾನು ಬಗ್ಗಿ ಮರಳು ಎಳೆಯುತ್ತಿದ್ದಾಗ ಛಟ್ ಅಂತ ಸದ್ದಾಯಿತು. ಗುಡ್ಡದ ಮೇಲಿಂದ ಹಾರಿ ಬಂದ ಚೆಂಡು ನನ್ನ ಕೈಯಲ್ಲಿದ್ದ ಕೋಲನ್ನು ಮುರಿದು ಮರಳಲ್ಲಿ ಹೂತುಕೊಂಡಿತ್ತು. ಗೇಣುದ್ದ ಈಚೆ ಬಂದಿದ್ದರೆ ನನ್ನ ತಲೆಗೇ. ಗುಡ್ಡ ದಾಟಿ ಬಂದ ಆಸಾಮಿ ಪೆಟ್ಟಾಯಿತಾ ಎಂದು ಕೇಳಲಿಲ್ಲ. “ದೀಪ ಹಸಿರಿತ್ತಲ್ಲ!” ಅಂದ.

ಮನೆಯಲ್ಲಿ ಹೇಳಬಾರದು ಅಂದುಕೊಂಡಿದ್ದೆ. ಆದರೆ ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತಿದ್ದೆ. ಅತ್ತೆ ಬಿಡದೆ ಕೇಳಿದರು, ಹೇಳಿದೆ. ಅವರು ಎದ್ದು ಇಸ್ತ್ರಿಪೆಟ್ಟಿಗೆ ತಂದರು. ಬೆಳಗ್ಗೆ ನನ್ನ ಚೀಲದಲ್ಲಿ ಬಾವುಟ ಇತ್ತು.

ಈಗ ಒಂದು ತಂಡ ಇನ್ನೂ ಗ್ರೀನಿನಲ್ಲಿ ಆಡುತ್ತಿರುವಾಗಲೇ ನಾನು ಗುಡ್ಡ ಹತ್ತಿ, ಬಾವುಟವನ್ನು ಒಂದು ಬಿದಿರಿಗೆ ಕಟ್ಟಿ ನೆಡುತ್ತೇನೆ. ಅವರು ಹೋದ ಮೇಲೆ ಹಳ್ಳಕ್ಕಿಳಿಯುತ್ತೇನೆ. ಮರಳು ಸಮ ಮಾಡಿ, ಮತ್ತೆ ಗುಡ್ಡ ಹತ್ತಿ ಬಾವುಟ ಕೀಳುತ್ತೇನೆ. ಈಚೆ ನಿಂತವರಿಗೆ ಕೆಳಗೆ ಹಸಿರು ದೀಪ, ಮೇಲೆ ಕೆಂಪು ಬಾವುಟ. ವರ್ಷಗಟ್ಟಲೆ ಆ ಬಾವುಟ ಕಂಡರೆ ನಿಂತು ರೂಢಿಯಾದವರು, ಒಬ್ಬರಿಗೂ ಹೊಡೆಯುವ ಧೈರ್ಯ ಬರುವುದಿಲ್ಲ. ಆಟ ಮೊದಲಿಗಿಂತಲೂ ನಿಧಾನವಾಗಿದೆ. ಆಗಲಿ!

ಮ್ಯಾನೇಜರು ಮತ್ತೆ ಏದುಸಿರು ಬಿಡುತ್ತಾ ಗುಡ್ಡ ಹತ್ತಿ ಬಂದರು.

“ಇದನ್ನ ನೆಡೋಕೆ ಯಾರಮ್ಮ ಹೇಳಿದ್ದು? ಮೊದ್ಲು ತೆಗೀರಿ!”

“ಮೊದ್ಲು ಹಳ್ಳ ಮುಚ್ಚಿಸಿ ಸಾರ್. ಇಲ್ಲಾಂದ್ರೆ ಕೋಲು ಹಿಡ್ಕೊಂಡು ನೀವು ಇಳೀರಿ, ನಾನು ಬಾವುಟ ತೆಗೀತೀನಿ.”

ಅವರು ಹಳ್ಳದ ಕಡೆ ನೋಡಿದರು, ಬಾವುಟದ ಕಡೆ ನೋಡಿದರು. ಹಳ್ಳಕ್ಕೆ ಇಳಿಯಲಿಲ್ಲ. ಬಾವುಟವನ್ನು ಮುಟ್ಟಲೂ ಇಲ್ಲ.

ನನ್ನ ಕೆಲಸ ಎಷ್ಟು ದಿನ ಉಳಿಯುತ್ತದೋ ಗೊತ್ತಿಲ್ಲ. ಹಳ್ಳದ ಫೋಟೋ ಇನ್ನೂ ಗೋಡೆಯ ಮೇಲಿದೆ, ಅತ್ತೆ ಇನ್ನೂ ಕೆಲಸವಿಲ್ಲದೆ ಮನೆಯಲ್ಲಿದ್ದಾರೆ. ಇದನ್ನು ನಾನು ಜನ್ಮದಲ್ಲಿ ಕ್ಷಮಿಸುವುದಿಲ್ಲ. ಸಂಜೆ ಬಾಗಿಲಿಗೆ ಬಂದ ಕೂಡಲೇ ಅತ್ತೆ ನನ್ನ ಚೀಲದಿಂದ ಬಾವುಟ ತೆಗೆದು ಎರಡು ಕೈಯಲ್ಲಿ ಬೆಳಕಿಗೆ ಎತ್ತಿ ಹಿಡಿಯುತ್ತಾರೆ. ನೋಡುವುದು ಮಾತ್ರ ನನ್ನನ್ನು, ತಲೆಯಿಂದ ಕಾಲಿನವರೆಗೆ. ಆಮೇಲೆ ಬಾವುಟ ಇಳಿಸುತ್ತಾರೆ.

“ಮರಳು ಕೊಡವಿಕೊಂಡು ಒಳಗೆ ಬಾರೇ,” ಎಂದು ಗದರುತ್ತಾರೆ.