ಚೌಕಗಳ ನಡುವೆ ಉಳಿದ ಅಕ್ಷರಗಳು

ಪುತ್ತೂರಿನ ಒಂದು ಸಣ್ಣ ಮುದ್ರಣಾಲಯದಲ್ಲಿ ನನಗೆ ಪುಟ ಕಟ್ಟುವ ಕೆಲಸ. ಜನ ಟೈಪ್ ಮಾಡಿ ತಂದ ಬರಹವನ್ನು ಪುಟವಿನ್ಯಾಸದ ತಂತ್ರಾಂಶದೊಳಗೆ ತಂದು ಪುಸ್ತಕದ ಅಳತೆಗೆ ಕೂರಿಸಬೇಕು. ಹಾಗೆ ಒಳಗೆ ತರುವಾಗ ಅಕ್ಷರ ಕೆಡುವುದು ದಿನವೂ ಇದ್ದದ್ದೇ. ಏನು ಕೆಟ್ಟಿತು, ಯಾವುದರಿಂದ ಸರಿಹೋಯಿತು ಎಂದು ಆಲೆಟ್ಟಿಗೆ ಮರಳುವ ಬಸ್ಸಿನಲ್ಲಿ ಕೂತು ದಿನಚರಿಯಲ್ಲಿ ಬರೆದಿಡುತ್ತೇನೆ. ಬಲಬದಿಯಲ್ಲಿ ಒಂದು ಸರಿ ಗುರುತು ಹಾಕಿದರೆ ಆ ದಿನ ಮುಗಿದಂತೆ.

ಸವಣೂರಿನ ಅಕ್ಕ ಪೆನ್ ಡ್ರೈವ್ ಹಿಡಿದು ಬಂದ ಸೋಮವಾರದ ಪುಟದಲ್ಲಿ ಆ ಗುರುತು ಇಲ್ಲ.

ಅವರ ಅಮ್ಮ ತೀರಿಕೊಂಡು ವರ್ಷವಾಗುತ್ತಾ ಬಂದಿತ್ತು. ಅಮ್ಮ ಬೀಡಿ ಕಟ್ಟುತ್ತಾ ಹೇಳುತ್ತಿದ್ದ ಕಥೆಗಳನ್ನು ಅಕ್ಕ ತುಳುವಿನಲ್ಲಿ ಕೇಳಿ, ಕನ್ನಡದಲ್ಲಿ ಟೈಪ್ ಮಾಡಿಟ್ಟಿದ್ದರು. ವರ್ಷಾಂತಿಕಕ್ಕೆ ಬಂದವರ ಕೈಗೆ ಅದನ್ನು ಪುಸ್ತಕ ಮಾಡಿ ಕೊಡಬೇಕೆಂಬುದು ಅವರ ಆಸೆ. ಒಂದೇ ಶರತ್ತು.

"ಅಮ್ಮ ಹೇಳಿದ ಹಾಗೇ ಇರ್ಬೇಕು. ನನ್ನದು ಎಂತದೂ ಸೇರ್ಬಾರ್ದು," ಎಂದಿದ್ದರು.

ಕಡತವನ್ನು ಒಳಗೆ ತಂದೆ. ಪರದೆಯ ತುಂಬ ಕಪ್ಪು ಚೌಕಗಳು ಹರಡಿದವು. ಒಂದೊಂದರ ಹೊಟ್ಟೆಯಲ್ಲೂ ಒಂದು ಪ್ರಶ್ನಾರ್ಥಕ ಚಿಹ್ನೆ. ನಡುನಡುವೆ ಒಂಟಿ ಇಂಗ್ಲಿಷ್ ಅಕ್ಷರಗಳು, ನೆರೆ ಇಳಿದ ಗದ್ದೆಯಲ್ಲಿ ಅಲ್ಲಲ್ಲಿ ತಲೆ ಎತ್ತಿದ ಗೂಟಗಳಂತೆ.

ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದಕ್ಕೆ ಕಂಪ್ಯೂಟರಿನ ಒಳಗೆ ಕನ್ನಡವೇ ಇರುವುದಿಲ್ಲ. ಇಂಗ್ಲಿಷಿನ ಅಕ್ಷರಗಳೂ ತಲೆಯ ಮೇಲೆ ಗೆರೆ ಚುಕ್ಕೆ ಹೊತ್ತ ಯಾವುದೋ ದೂರದೇಶದ ಅಕ್ಷರಗಳೂ ಇರುತ್ತವೆ. ಫಾಂಟು ಅವಕ್ಕೆ ಕನ್ನಡದ ಅಂಗಿ ತೊಡಿಸುತ್ತದೆ, ಅಷ್ಟೆ. ಅಂಗಿ ಮಾತ್ರ ಕಳಚಿದ್ದರೆ ಮತ್ತೆ ತೊಡಿಸಬಹುದು. ನಾನು ಹಳೆಯ ಫಾಂಟು ಹಾಕಿದೆ, ಪರಿವರ್ತಕದಲ್ಲಿ ಹಾಯಿಸಿದೆ, ಕಡತ ತೆರೆಯುವ ಕ್ರಮವನ್ನೇ ಒಂದೊಂದಾಗಿ ಬದಲಿಸಿದೆ. ಚೌಕಗಳು ಚೌಕಗಳಾಗಿಯೇ ಉಳಿದವು. ಇಲ್ಲಿ ಅಂಗಿಯ ಜೊತೆ ಮೈಯೂ ಹೋಗಿತ್ತು.

ಕಾರಣ ಅಕ್ಕನ ಜೊತೆ ಬಂದಿದ್ದ ತಮ್ಮನಿಂದ ತಿಳಿಯಿತು. ಹಳೆಯ ಕಂಪ್ಯೂಟರನ್ನು ಗುಜರಿಗೆ ಕೊಡುವ ಮೊದಲು ಅವರು ಕಡತವನ್ನು ಫೋನಿಗೆ ಹಾಕಿ ತೆರೆದಿದ್ದರು. ಫೋನಿಗೆ ಗೊತ್ತಿರುವುದು ಹೊಸ ಕ್ರಮದ ಕನ್ನಡ ಮಾತ್ರ. ತನಗೆ ಅರ್ಥವಾಗದ ಕಡೆಯೆಲ್ಲ ಅದು ಚೌಕ ಇಟ್ಟಿತು. ಇವರು ಹಾಗೆಯೇ ಸೇವ್ ಒತ್ತಿದರು.

"ನನ್ನ ಫೋನಿಗೆ ಕನ್ನಡ ಬರ್ತದೆ ಅಂತ ಗ್ರಹಿಸಿದ್ದು ಅಕ್ಕಾ."

"ಫೋನಿಗೆ ಬರ್ತದೆ, ನಿನಿಗೆ ಬರುದಿಲ್ಲ," ಎಂದರು ಅಕ್ಕ. ಆಮೇಲೆ ನನ್ನ ಕಡೆ ತಿರುಗಿ, "ಇನ್ನು ಎಂತ ಮಾಡುದು ಮಾರಾಯ್ತಿ?" ಎಂದರು. ದನಿ ಅಷ್ಟು ಗಟ್ಟಿ ಇರಲಿಲ್ಲ.

ಉಳಿದ ಇಂಗ್ಲಿಷ್ ಅಕ್ಷರ ಯಾವ ಕನ್ನಡ ಅಕ್ಷರದ್ದೆಂದು ಹಳೆಯ ಫಾಂಟಿನಿಂದ ಗೊತ್ತಾಗುತ್ತದೆ. ದಿನಚರಿಯಲ್ಲಿ ಎರಡು ಸಾಲು ಮಾಡಿದೆ: ಉಳಿದವು, ಹೋದವು. ಅ, ಇ, ಉ ಉಳಿದಿದ್ದವು. ಕ, ಗ, ಡ, ತ, ದ, ರ ಉಳಿದಿದ್ದವು. ನ, ಪ, ಮ, ಲ, ವ, ಸ, ಹ ಹೋಗಿದ್ದವು. 'ಅಮ್ಮ' ಎಂಬಲ್ಲೆಲ್ಲ ಅ ಇತ್ತು, ಬೆನ್ನಿಗೆ ಚೌಕಗಳ ಒಂದು ಸಣ್ಣ ಮೆರವಣಿಗೆ. ಪದ ಪದದ ನಡುವಿನ ಜಾಗ ಮಾತ್ರ ಹಾಗೆಯೇ ಇತ್ತು. ಅಕ್ಕ ಕಥೆಯನ್ನು ಮತ್ತೆ ಹೇಳಿದರೆ ಈ ಗೂಟಗಳಿಗೆ ತಾಗಿಸಿ ನೋಡಬಹುದು ಎನಿಸಿತು.

ಆದರೆ ಮುದ್ರಣಾಲಯದ ಕುರ್ಚಿಯಲ್ಲಿ ಅಕ್ಕನಿಗೆ ಒಂದು ಮಾತೂ ಬರಲಿಲ್ಲ. ಪರದೆ ನೋಡಿದರು, ಫ್ಯಾನು ನೋಡಿದರು.

"ಕೈ ಸುಮ್ಮನೆ ಇದ್ರೆ ಬಾಯಿ ಬರುದಿಲ್ಲ. ನೀನು ಮನೆಗೆ ಬಾ."

ಬುಧವಾರ ಮಧ್ಯಾಹ್ನ ಲ್ಯಾಪ್‌ಟಾಪು ಹಿಡಿದು ಸವಣೂರಿಗೆ ಹೋದೆ. ಅಕ್ಕ ಜಗಲಿಯಲ್ಲಿ ಕಾಲು ಚಾಚಿ, ಮಡಿಲಲ್ಲಿ ಮೊರ ಇಟ್ಟುಕೊಂಡು ಕೂತರು. ನೆನೆಸಿದ ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುತ್ತಿ, ನೂಲು ಬಿಗಿದರು. ಹಾಗೆ ನಾಲ್ಕೈದು ಬೀಡಿ ಆಗುವಷ್ಟರಲ್ಲಿ ಕಥೆ ತಾನೇ ಬಂತು. ಎಲೆಯ ಹಸಿ ವಾಸನೆ, ಕತ್ತರಿಯ ಸದ್ದು, ಅಂಗಳದ ಬಿಸಿಲು ಎಲ್ಲ ನಿಧಾನವಾಗಿ ಒಂದರೊಳಗೊಂದು ಇಳಿದವು. ನಾನು ಕಿವಿಯಲ್ಲಿ ಕೇಳುತ್ತಿದ್ದೆನೋ ಪರದೆಯಲ್ಲಿ ಓದುತ್ತಿದ್ದೆನೋ ನನಗೇ ತಿಳಿಯದಾಯಿತು. ಅವರು 'ಕೆಂಡ' ಎಂದಾಗ ಕ ಮತ್ತು ಡ ಅದೇ ಜಾಗದಲ್ಲಿ ಕಾದು ನಿಂತಿರುತ್ತಿದ್ದವು. 'ಗದ್ದೆ' ಎಂದಾಗ ಗ ಮೊದಲೇ ಬಂದು ಕೂತಿರುತ್ತಿತ್ತು. ಯಾರೋ ಮಂಜಿನಾಚೆಯಿಂದ ಹೌದು ಹೌದು ಎಂದು ತಲೆಯಾಡಿಸಿದ ಹಾಗೆ. ಹೊಂದದ ಕಡೆ ನಾನು ತಡೆಯುತ್ತಿದ್ದೆ. ಅವರು ಕೈ ನಿಲ್ಲಿಸದೆ ಇನ್ನೊಂದು ಮಾತು ಹುಡುಕುತ್ತಿದ್ದರು. ಹೀಗೆ ಶುಕ್ರವಾರ ಸಂಜೆಗೆ ಕೊನೆಯ ಕಥೆ ತಲುಪಿದೆವು.

ಅದು ನೂಲಿನ ಕಥೆ. ಬೀಡಿ ಕಟ್ಟುವ ಒಬ್ಬಳಿಗೆ ನೂಲು ಮುಗಿಯುತ್ತದೆ. ಎಲೆ, ನೂಲು ಕೊಡುವ ಬೀಡಿ ಬ್ರಾಂಚು ದೂರ. ಅವಳು ಕಡಬದ ಕಡೆ ನಡೆದು, ಹೊಳೆಯ ದಡದಲ್ಲಿ ಕೂತು, ಒಂದೆಳೆ ಕೊಡು ಎಂದು ನೀರನ್ನು ಕೇಳುತ್ತಾಳೆ. ಹೊಳೆ ತನ್ನ ಅಂಚಿನಿಂದ ಒಂದೆಳೆ ಬಿಚ್ಚಿ ಕೊಡುತ್ತದೆ. ಅವಳು ಎಳೆಯುತ್ತಾಳೆ, ಕಟ್ಟುತ್ತಾಳೆ, ಮತ್ತೆ ಎಳೆಯುತ್ತಾಳೆ. ಹೊಳೆ ತೆಳ್ಳಗಾಗುತ್ತಾ ಬಂದು ದೋಣಿ ಮರಳಿನ ಮೇಲೆ ಕೂರುತ್ತದೆ.

"ಮತ್ತೆ ಅವಳಿಗೆ ಪಾಪ ಅನಿಸಿ, ಕಟ್ಟಿದ ಬೀಡಿ ಎಲ್ಲ ಬಿಚ್ಚಿ ನೂಲು ವಾಪಸ್ ಕೊಟ್ಟಳು. ಆಗ ಮಳೆ ಬಂತು," ಎಂದು ಅಕ್ಕ ಮುಗಿಸಿದರು.

ನಾನು ಪರದೆ ನೋಡಿದೆ. ದೋಣಿ ಕೂತ ಮೇಲೆ ಅಲ್ಲಿ ಒಂದೇ ಸಾಲು ಇತ್ತು, ನಾಲ್ಕೇ ಪದ.

"ಇಷ್ಟು ಇಲ್ಲ ಅಕ್ಕಾ. ಮೊದಲನೇದು ಅ, ಹಿಂದೆ ಚೌಕ. ಎರಡನೇದಕ್ಕೆ ಇ. ಮೂರನೇದರ ನಡುವೆ ಒಂದು ದ. ಕಡೇದಕ್ಕೆ ದ, ರ. ಅಷ್ಟೆ."

"ಅ ಅಂದ್ರೆ ಅಮ್ಮ ಅಲ್ವಾ ಇಷ್ಟು ದಿನ? ಈ ಕಥೆಯಲ್ಲಿ ಅಮ್ಮ ಎಲ್ಲಿದ್ದಾರೆ?"

ಅವರ ಕೈ ನಿಂತಿತು. ಮೂರು ದಿನದಲ್ಲಿ ಅದು ನಿಂತದ್ದನ್ನು ನಾನು ನೋಡಿರಲಿಲ್ಲ.

"ಅಮ್ಮ ಇಲ್ಲಿ ನಿದ್ದೆ ಹೋದರು," ಎಂದು ಅಕ್ಕ ಒಂದೊಂದೇ ಪದ ಇಟ್ಟ ಹಾಗೆ ಹೇಳಿದರು. ನಾಲ್ಕೂ ಗೂಟಗಳಿಗೆ ನಾಲ್ಕು ಪದಗಳು ಸುಮ್ಮನೆ ಬಂದು ತಾಗಿದವು. "ಹೌದು ಮಾರಾಯ್ತಿ. ಗೋಡೆಗೆ ಒರಗಿ ನಿದ್ದೆ ಹೋದದ್ದು. ನಾಳೆ ಕೇಳುವ ಅಂತ ನಾನು ಅದನ್ನೇ ಟೈಪ್ ಮಾಡಿ ಇಟ್ಟದ್ದು. ಮತ್ತೆ ಕೇಳ್ಲೇ ಇಲ್ಲ."

"ಹಾಗಾದ್ರೆ ಮಳೆ?"

"ಮಳೆ ನನ್ನದು. ತಮ್ಮನ ಮಕ್ಕಳಿಗೆ ಹೇಳಿ ಹೇಳಿ ನಾನೇ ಬರಿಸಿದ್ದಾಗಿರ್ಬೇಕು."

ಮಳೆಯನ್ನೂ ಇಡೋಣ, ಚೆನ್ನಾಗಿದೆ ಎಂದೆ. ಅವರು ಅರ್ಧ ಸುತ್ತಿದ್ದ ಬೀಡಿಗೆ ನೂಲು ಬಿಗಿದು, "ಬೇಡ. ಅಮ್ಮ ಮಲಗಿದಲ್ಲೇ ನಿಲ್ಲಲಿ," ಎಂದರು.

ಶನಿವಾರ ನಾನು ಪುಟ ಕಟ್ಟುವಾಗ ಮುದ್ರಣಾಲಯದ ಯಜಮಾನರು ಬಂದು ಹಿಂದೆ ನಿಂತರು.

"ಕಡೇ ಪುಟ ಅರ್ಧ ಖಾಲಿ ಉಂಟಲ್ಲ ಮಾರಾಯ್ತಿ. ಒಂದು ಹೂವಿನ ಚಿತ್ರ ಆದ್ರೂ ಹಾಕು."

"ಅಲ್ಲಿ ಒಬ್ಬರು ಮಲಗಿದ್ದಾರೆ," ಎಂದೆ.

ಅವರು ಕನ್ನಡಕ ಸರಿಸಿ ಪರದೆಯ ಮೇಲಿನ ಆ ಒಂದು ಸಾಲನ್ನು ಓದಿದರು. ಕೆಳಗಿನ ಬಿಳಿಯನ್ನು ನೋಡಿ, ಫ್ಯಾನಿನ ವೇಗ ಒಂದು ಸುತ್ತು ತಗ್ಗಿಸಿ, ಸದ್ದಿಲ್ಲದೆ ಒಳಗೆ ಹೋದರು.